ಕಿಟಕಿಯತ್ತ ಬಾಗುವ ಗಿಡದ ಗುಟ್ಟು: ಡಾರ್ವಿನ್ ಕೊನೆಯ ವರ್ಷಗಳ ಹುಡುಕಾಟ

ಫ್ಲ್ಯಾಟಿನಲ್ಲಿ ಗಿಡ ಸಾಕುವವರಿಗೆಲ್ಲ ಗೊತ್ತಿರುವ ಸಂಗತಿ ಇದು. ಕಿಟಕಿಯ ಪಕ್ಕ ಇಟ್ಟ ಕುಂಡದ ತುಳಸಿ ಕೆಲವೇ ದಿನಗಳಲ್ಲಿ ಬೆಳಕಿನ ಕಡೆಗೆ ವಾಲುತ್ತದೆ. ಕುಂಡವನ್ನು ತಿರುಗಿಸಿಟ್ಟರೆ ಮತ್ತೆ ಹೊರಳಿ ಬೆಳಕನ್ನೇ ಹುಡುಕುತ್ತದೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇದಕ್ಕೆ ದ್ಯುತಿ ಅನುವರ್ತನೆ ಎಂಬ ಹೆಸರಿದೆ. ಆಕ್ಸಿನ್ ಎಂಬ ಹಾರ್ಮೋನ್ ಇದಕ್ಕೆ ಕಾರಣ ಎಂದು ಒಂದು ಸಾಲಿನಲ್ಲಿ ಹೇಳಿ ಪುಸ್ತಕ ಮುಂದಿನ ಪಾಠಕ್ಕೆ ಹೋಗಿಬಿಡುತ್ತದೆ.

ಆ ಒಂದು ಸಾಲಿನ ಹಿಂದೆ ಒಂದು ಮನೆಯ ಕಥೆ ಇದೆ. ಗಿಡದೊಳಗೆ ಅಂಥದ್ದೊಂದು ಸಂದೇಶ ತುದಿಯಿಂದ ಕೆಳಕ್ಕೆ ಹರಿಯುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದವರು ವಿಕಾಸವಾದದಿಂದ ಜಗತ್ತಿನ ನಿದ್ದೆ ಕೆಡಿಸಿದ ಚಾರ್ಲ್ಸ್ ಡಾರ್ವಿನ್. ಆಗ ಅವರಿಗೆ ಸುಮಾರು ಎಪ್ಪತ್ತು ವರ್ಷ. ಜೊತೆಗಿದ್ದವನು ಹೆಂಡತಿಯನ್ನು ಕಳೆದುಕೊಂಡು ತವರಿಗೆ ಮರಳಿದ್ದ ಮಗ. ಪ್ರಯೋಗಶಾಲೆ ಎಂದರೆ ಮನೆಯ ಓದುವ ಕೋಣೆ. ಈ ತಂದೆ-ಮಗನ ಕೆಲಸವನ್ನು ಆ ಕಾಲದ ಅತಿ ದೊಡ್ಡ ಸಸ್ಯವಿಜ್ಞಾನಿ ಬಾಲಿಶವೆಂದು ತಳ್ಳಿಹಾಕಿದರು. ಅವರ ಮಾತು ಎಷ್ಟರ ಮಟ್ಟಿಗೆ ನಿಜ ಎಂದು ತೀರ್ಮಾನವಾಗಲು ಸುಮಾರು ಅರ್ಧ ಶತಮಾನ ಬೇಕಾಯಿತು.

ವೈದ್ಯನೂ ಆಗಲಿಲ್ಲ, ಪಾದ್ರಿಯೂ ಆಗಲಿಲ್ಲ

ಚಾರ್ಲ್ಸ್ ಡಾರ್ವಿನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ತಂದೆ ರಾಬರ್ಟ್ ಡಾರ್ವಿನ್ ಊರಿನ ಹೆಸರಾಂತ ವೈದ್ಯರು. ತಾತ ಇರಾಸ್ಮಸ್ ಡಾರ್ವಿನ್ ಕೂಡ ವೈದ್ಯರೇ; ಗಿಡಗಳ ಬಗ್ಗೆ ಉದ್ದುದ್ದ ಪದ್ಯ ಬರೆದವರು. ತಾಯಿಯ ತಂದೆ ಜೋಸಯ್ಯ ವೆಜ್‌ವುಡ್ ಪಿಂಗಾಣಿ ಪಾತ್ರೆಗಳ ದೊಡ್ಡ ಉದ್ಯಮಿ. ಮನೆಯಲ್ಲಿ ಹಣಕ್ಕೆ ಕೊರತೆ ಇರಲಿಲ್ಲ. ಎಂಟನೇ ವಯಸ್ಸಿಗೆ ತಾಯಿ ತೀರಿಕೊಂಡಿದ್ದೇ ಬಾಲ್ಯದ ದೊಡ್ಡ ನೋವು.

ಅಪ್ಪನ ಆಸೆಯಂತೆ 1825ರಲ್ಲಿ ವೈದ್ಯಕೀಯ ಓದಲು ಎಡಿನ್‌ಬರೊಗೆ ಹೋದರು. ಅರಿವಳಿಕೆ ಔಷಧಿ ಇನ್ನೂ ಬಂದಿರದ ಕಾಲ ಅದು. ಪ್ರಜ್ಞೆ ಇರುವಾಗಲೇ ರೋಗಿಯ ದೇಹ ಕೊಯ್ಯುವುದನ್ನು ನೋಡಲಾಗದೆ ಹುಡುಗ ಹೊರಗೆ ಓಡಿಬಂದ. ಹಾಗಾದರೆ ಚರ್ಚಿನ ಪಾದ್ರಿಯಾದರೂ ಆಗಲಿ ಎಂದು ಅಪ್ಪ ಕೇಂಬ್ರಿಜ್‌ಗೆ ಕಳುಹಿಸಿದರು. ಅಲ್ಲಿ ಸಿಕ್ಕ ಗುರು ಸಸ್ಯಶಾಸ್ತ್ರದ ಪ್ರಾಧ್ಯಾಪಕ ಜಾನ್ ಸ್ಟೀವನ್ಸ್ ಹೆನ್ಸ್ಲೋ. ಅವರ ಹಿಂದೆ ಹೊಲ, ತೋಪು ಸುತ್ತುತ್ತಾ ಗಿಡ ಗುರುತಿಸುವುದನ್ನು ಕಲಿತರು. ಬೀಗಲ್ ಹಡಗಿನಲ್ಲಿ ಜಾಗ ಸಿಗಲು ಕಾರಣರಾದವರೂ ಅದೇ ಗುರುಗಳು.

1831ರ ಡಿಸೆಂಬರ್ 27ರಂದು ಹೊರಟ ಹಡಗು ಮರಳಿದ್ದು 1836ರ ಅಕ್ಟೋಬರ್ 2ರಂದು. ಆ ಐದು ವರ್ಷಗಳ ಕಥೆ ಎಲ್ಲರಿಗೂ ಗೊತ್ತು. ಮುಂದೆ ಸೋದರ ಸಂಬಂಧಿ ಎಮ್ಮಾ ವೆಜ್‌ವುಡ್ ಅವರನ್ನು 1839ರಲ್ಲಿ ಮದುವೆಯಾದರು. 1842ರಲ್ಲಿ ಲಂಡನ್ನಿನ ಗದ್ದಲ ಬಿಟ್ಟು ಕೆಂಟ್ ಸೀಮೆಯ ಡೌನ್ ಎಂಬ ಹಳ್ಳಿಯ ಮನೆ ಸೇರಿದರು. ಡೌನ್ ಹೌಸ್ ಎಂದು ಹೆಸರಾದ ಆ ಮನೆಯಲ್ಲೇ ಉಳಿದ ನಲವತ್ತು ವರ್ಷ ಕಳೆದರು. ಹತ್ತು ಮಕ್ಕಳು ಹುಟ್ಟಿದರು, ಮೂವರು ಚಿಕ್ಕಂದಿನಲ್ಲೇ ಹೋದರು. ಅಚ್ಚುಮೆಚ್ಚಿನ ಮಗಳು ಆ್ಯನಿ 1851ರಲ್ಲಿ ಹತ್ತನೇ ವಯಸ್ಸಿಗೆ ತೀರಿಕೊಂಡಾಗ ಡಾರ್ವಿನ್ ಕುಸಿದುಹೋಗಿದ್ದರು.

ಹಾಸಿಗೆಯ ಪಕ್ಕದಲ್ಲೊಂದು ಬಳ್ಳಿ

1859ರಲ್ಲಿ ಜೀವಜಾತಿಗಳ ಉಗಮದ ಪುಸ್ತಕ ಹೊರಬಂತು. ಮುಂದಿನ ವಾದ-ವಿವಾದಗಳನ್ನು ಗೆಳೆಯರಾದ ಥಾಮಸ್ ಹಕ್ಸ್‌ಲಿ, ಜೋಸೆಫ್ ಹೂಕರ್ ಮುಂತಾದವರಿಗೆ ಬಿಟ್ಟು ಡಾರ್ವಿನ್ ತಮ್ಮ ತೋಟಕ್ಕೆ ಮರಳಿದರು. ವಾಂತಿ, ಹೊಟ್ಟೆನೋವು, ಎದೆಬಡಿತ, ನಿತ್ರಾಣ ಅವರನ್ನು ಜೀವನಪೂರ್ತಿ ಕಾಡಿದವು. ದಿನಕ್ಕೆ ಕೆಲವೇ ಗಂಟೆ ಕೆಲಸ, ಮಿಕ್ಕಂತೆ ವಿಶ್ರಾಂತಿ, ತೋಟದ ಅಂಚಿನ ಕಾಲುದಾರಿಯಲ್ಲಿ ನಡಿಗೆ ಎಂದು ದಿನಚರಿ ಹಾಕಿಕೊಂಡಿದ್ದರು. ಅಂಥ ಬದುಕಿಗೆ ಗಿಡಗಳೇ ಸರಿಯಾದ ಜೊತೆ. ಅವು ಓಡಿಹೋಗುವುದಿಲ್ಲ, ಕಾಯುತ್ತವೆ.

1863ರಲ್ಲಿ ಮನೆಯ ಹಿಂದೆ ಬಿಸಿಗಾಳಿಯ ಗಾಜಿನ ಮನೆ ಕಟ್ಟಿಸಿದರು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಿಂದ ಹೂಕರ್ ಗಿಡ, ಬೀಜ ಕಳುಹಿಸುತ್ತಿದ್ದರು. ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಬರೆದಿದ್ದ ಒಂದು ಪುಟ್ಟ ಲೇಖನ ಓದಿ, ಬಳ್ಳಿಗಳ ಕುಡಿ ಆಸರೆಯನ್ನು ಹೇಗೆ ಹಿಡಿಯುತ್ತದೆ ಎಂಬ ಕುತೂಹಲ ಹುಟ್ಟಿತು. ಕಾಯಿಲೆಯಿಂದ ಕೋಣೆ ಬಿಟ್ಟು ಹೊರಬರಲಾಗದ ದಿನಗಳಲ್ಲಿ ಹಾಪ್ಸ್ ಬಳ್ಳಿಯ ಕುಂಡವೊಂದನ್ನು ಪಕ್ಕದಲ್ಲೇ ಇರಿಸಿಕೊಂಡು ಹಗಲೂ ರಾತ್ರಿ ಅದರ ತುದಿಯನ್ನು ನೋಡುತ್ತಾ ಮಲಗಿದರು. ಬಿಸಿಲಿನ ದಿನಗಳಲ್ಲಿ ಬಳ್ಳಿಯ ತುದಿ ಸುಮಾರು ಎರಡು ಗಂಟೆಗೊಮ್ಮೆ ಗಾಳಿಯಲ್ಲಿ ಒಂದು ಸುತ್ತು ಹಾಕುತ್ತಿತ್ತು. ಆಸರೆಗಾಗಿ ತಡಕಾಡುವ ಕುರುಡನ ಕೈಯಂತೆ.

ಇಲ್ಲಿಂದ ಒಂದು ದೊಡ್ಡ ಪ್ರಶ್ನೆ ಎದ್ದಿತು. ಬಳ್ಳಿಗಳಿಗೆ ಮಾತ್ರ ಹೀಗೆ ತಿರುಗುವ ಶಕ್ತಿ ಎಲ್ಲಿಂದ ಬಂತು? ವಿಕಾಸವಾದದ ಪ್ರಕಾರ ಯಾವ ಗುಣವೂ ಇದ್ದಕ್ಕಿದ್ದಂತೆ ಉದುರಿ ಬೀಳುವುದಿಲ್ಲ, ಸಣ್ಣ ಗುಣವೊಂದು ತಲೆಮಾರುಗಳಲ್ಲಿ ದೊಡ್ಡದಾಗಬೇಕು. ಹಾಗಿದ್ದರೆ ನೆಟ್ಟಗೆ ನಿಂತ ಗಿಡಗಳಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಚಲನೆ ಇರಬೇಕಲ್ಲ? ಅದನ್ನು ತೋರಿಸದಿದ್ದರೆ ತಮ್ಮ ಸಿದ್ಧಾಂತದಲ್ಲೇ ಒಂದು ತೂತು ಉಳಿಯುತ್ತದೆ ಎಂದು ಡಾರ್ವಿನ್ ಅವರಿಗೆ ಗೊತ್ತಿತ್ತು. ಹಾಗಾಗಿ ಅವರ ಪಾಲಿಗೆ ಗಿಡ ಬಾಗುವ ಪ್ರಶ್ನೆ ಮುಪ್ಪಿನ ಕಾಲದ ಹವ್ಯಾಸ ಮಾತ್ರ ಆಗಿರಲಿಲ್ಲ.

ಮಗ ಮನೆಗೆ ಮರಳಿದ

ಡಾರ್ವಿನ್ ಅವರ ಮಗ ಫ್ರಾನ್ಸಿಸ್ ಹುಟ್ಟಿದ್ದು 1848ರಲ್ಲಿ. ಮನೆಯಲ್ಲಿ ಕರೆಯುವ ಹೆಸರು ಫ್ರಾಂಕ್. ವೈದ್ಯಕೀಯ ಓದಿದರೂ ವೈದ್ಯನಾಗಲಿಲ್ಲ. ಅಪ್ಪನ ಸಹಾಯಕನಾಗಿ ಊರಿನಲ್ಲೇ ನಿಂತ. 1874ರಲ್ಲಿ ಏಮಿ ರಕ್ ಜೊತೆ ಮದುವೆಯಾಯಿತು, ಡೌನ್ ಹಳ್ಳಿಯಲ್ಲೇ ಸಂಸಾರ ಹೂಡಿದರು. 1876ರ ಸೆಪ್ಟೆಂಬರಿನಲ್ಲಿ ಗಂಡುಮಗು ಬರ್ನಾರ್ಡ್ ಹುಟ್ಟಿತು. ಕೆಲವೇ ದಿನಗಳಲ್ಲಿ ಬಾಣಂತಿ ಏಮಿ ತೀರಿಕೊಂಡಳು.

ಇಪ್ಪತ್ತೆಂಟು ವರ್ಷದ ಮಗ ಎಳೆಗೂಸನ್ನು ಎತ್ತಿಕೊಂಡು ಡೌನ್ ಹೌಸಿಗೆ ಬಂದ. ಅರವತ್ತೆಂಟು ವರ್ಷದ ಅಜ್ಜಿ ಎಮ್ಮಾ ಮತ್ತೊಮ್ಮೆ ತೊಟ್ಟಿಲು ತೂಗಲು ಕೂತರು. ದೊಡ್ಡ ಮಕ್ಕಳೆಲ್ಲ ಬೆಳೆದು ಹೋಗಿ ನಿಶ್ಶಬ್ದವಾಗಿದ್ದ ಮನೆಯಲ್ಲಿ ಮತ್ತೆ ಮಗುವಿನ ಅಳು ಕೇಳಿಸಿತು. ಮೊಮ್ಮಗ ಎಂದರೆ ಡಾರ್ವಿನ್ ಅವರಿಗೆ ಬಲು ಪ್ರೀತಿ. ಮಗನ ದುಃಖವನ್ನು ಮಾತಿನಿಂದ ಸಂತೈಸುವುದು ಅವರಿಗೆ ಆಗದ ಕೆಲಸ. ಅದಕ್ಕೆ ಬದಲಾಗಿ ಅವರು ಕೆಲಸ ಕೊಟ್ಟರು.

ಫ್ರಾನ್ಸಿಸ್ ಮೊದಲು ಕೀಟ ತಿನ್ನುವ ಡ್ರಾಸೆರಾ ಗಿಡಗಳಿಗೆ ಮಾಂಸದ ಚೂರು ಉಣಿಸಿ, ಹಾಗೆ ಉಂಡ ಗಿಡಗಳು ಉಪವಾಸವಿದ್ದವುಗಳಿಗಿಂತ ಚೆನ್ನಾಗಿ ಬೆಳೆದು ಹೆಚ್ಚು ಬೀಜ ಕಟ್ಟುತ್ತವೆ ಎಂದು ತೋರಿಸಿದ. ಆಮೇಲೆ ಅಪ್ಪ-ಮಗ ಇಬ್ಬರೂ ಗಿಡಗಳ ಚಲನೆಯ ಹಿಂದೆ ಬಿದ್ದರು.

ಉಪಕರಣ ಎಂದರೆ ಮನೆಯಲ್ಲಿ ಸಿಕ್ಕ ವಸ್ತುಗಳೇ. ಗಾಜಿನ ಕೂದಲೆಳೆಯಂಥ ಕಡ್ಡಿಯನ್ನು ಗಿಡದ ತುದಿಗೆ ಅರಗಿನಿಂದ ಅಂಟಿಸುವುದು. ಆ ಕಡ್ಡಿಯ ಕೊನೆಗೆ ಅರಗಿನದೇ ಪುಟ್ಟ ಮಣಿ. ಹಿಂದೆ ಕಪ್ಪು ಚುಕ್ಕೆಯಿಟ್ಟ ಒಂದು ರಟ್ಟು. ಮುಂದೆ ಗಾಜಿನ ಹಲಗೆ. ಮಣಿ ಮತ್ತು ಚುಕ್ಕೆ ಒಂದೇ ಗೆರೆಯಲ್ಲಿ ಕಾಣುವ ಜಾಗದಲ್ಲಿ ಗಾಜಿನ ಮೇಲೆ ಗುರುತು ಹಾಕುವುದು. ಗಂಟೆಗಟ್ಟಲೆ ಹೀಗೆ ಗುರುತು ಹಾಕಿ ಎಲ್ಲವನ್ನೂ ಗೆರೆಯಿಂದ ಜೋಡಿಸಿದಾಗ ನೆಟ್ಟಗೆ ನಿಂತಂತೆ ಕಂಡ ಸಸಿಯೂ ಸದ್ದಿಲ್ಲದೆ ಅಂಕುಡೊಂಕಾಗಿ ಸುತ್ತುತ್ತಿರುವುದು ಕಾಣಿಸಿತು. ಕೋಸಿನ ಸಸಿ, ಹುರುಳಿಯ ಜಾತಿಯ ಬೇರು, ಹುಲ್ಲಿನ ಮೊಳಕೆ, ಎಲ್ಲದರ ಓಡಾಟವೂ ಗಾಜಿನ ಮೇಲೆ ದಾಖಲಾಯಿತು.

ರಾತ್ರಿ ಎಲೆ ಮಡಿಸಿ ಮಲಗುವ ಗಿಡಗಳನ್ನೂ ಬಿಡಲಿಲ್ಲ. ನಮ್ಮ ಊರುಗಳಲ್ಲಿ ಹುಣಸೆ ಎಲೆ ಸಂಜೆಗೆ ಮುದುಡುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಡಾರ್ವಿನ್ ಇಂಥ ಗಿಡಗಳ ಎಲೆಗಳನ್ನು ಮುದುಡದಂತೆ ಬಿರಡೆಗೆ ಸಿಕ್ಕಿಸಿ ಚಳಿಯ ರಾತ್ರಿ ಹೊರಗಿಟ್ಟರು. ಅರಳಿಕೊಂಡೇ ಇದ್ದ ಎಲೆಗಳು ಹಿಮಕ್ಕೆ ಸಿಕ್ಕಿ ಹೆಚ್ಚು ಸುಟ್ಟುಹೋದವು, ಮಡಿಸಿಕೊಂಡವು ಹೆಚ್ಚು ಉಳಿದವು.

ಮೊಳಕೆಯ ತಲೆಗೆ ಟೋಪಿ

ಬೆಳಕಿನ ಪ್ರಯೋಗಕ್ಕೆ ಅವರು ಮುಖ್ಯವಾಗಿ ಆರಿಸಿಕೊಂಡಿದ್ದು ಕ್ಯಾನರಿ ಹುಲ್ಲು. ಪಂಜರದ ಹಕ್ಕಿಗಳಿಗೆ ಹಾಕುವ ಕಾಳು ಅದರದೇ. ಹುಲ್ಲಿನ ಜಾತಿಯ ಯಾವುದೇ ಬೀಜ ಮೊಳೆತಾಗ ಮೊದಲ ಎಲೆಯನ್ನು ಸುತ್ತಿಕೊಂಡು ಮೇಲೆ ಬರುವ ತೆಳ್ಳನೆಯ ಕೊಳವೆಯೊಂದಿರುತ್ತದೆ. ನವರಾತ್ರಿಯ ಘಟಸ್ಥಾಪನೆಯಲ್ಲಿ ಮೊಳೆಯುವ ಜೋಳ, ಗೋಧಿಯ ಸಸಿಗಳನ್ನು ನೋಡಿದವರು ಈ ಬಿಳುಪು ಕೊಳವೆಯನ್ನು ನೋಡಿಯೇ ಇರುತ್ತಾರೆ. ಮಬ್ಬು ಬೆಳಕಿಗೂ ಅದು ಬಾಗುತ್ತದೆ.

ಕತ್ತಲ ಕೋಣೆಯಲ್ಲಿ ಪುಟ್ಟ ದೀಪವೊಂದನ್ನಿಟ್ಟು ಮೊಳಕೆಗಳು ಅದರತ್ತ ಗುರಿಯಿಟ್ಟಂತೆ ಬಾಗುವುದನ್ನು ನೋಡುತ್ತಿದ್ದಾಗ ತಂದೆ-ಮಗನಿಗೆ ಒಂದು ಸಂಗತಿ ಹೊಳೆಯಿತು. ಬಾಗು ಶುರುವಾಗುವುದು ಮೇಲ್ತುದಿಯಲ್ಲಿ. ಆಮೇಲೆ ಅದು ನಿಧಾನವಾಗಿ ಬುಡದ ಕಡೆಗೆ ಇಳಿಯುತ್ತದೆ. ಹಾಗಾದರೆ ಕೆಳಗಿನ ಭಾಗಕ್ಕೆ ಯಾವ ಕಡೆ ಬಾಗಬೇಕು ಎಂದು ಹೇಳುತ್ತಿರುವುದು ತುದಿಯೇ ಇರಬಹುದೇ?

ಆ ಕಾಲದ ನಂಬಿಕೆ ಬೇರೆ ಇತ್ತು. ಬೆಳಕು ಬಿದ್ದ ಬದಿಯ ಬೆಳವಣಿಗೆ ನಿಧಾನವಾಗುತ್ತದೆ, ನೆರಳಿನ ಬದಿ ಮುಂದೆ ಹೋಗುತ್ತದೆ, ಅದಕ್ಕೇ ಕಾಂಡ ಬಾಗುತ್ತದೆ ಎಂದು ಸ್ವಿಟ್ಜರ್ಲೆಂಡಿನ ಡಿ ಕ್ಯಾಂಡೋಲ್ ಹೇಳಿದ್ದರು. ಈ ಲೆಕ್ಕದಲ್ಲಿ ಬೆಳಕು ಎಲ್ಲಿ ಬಿತ್ತೋ ಅಲ್ಲೇ ಕೆಲಸ. ತುದಿಗೂ ಬುಡಕ್ಕೂ ಮಾತುಕತೆಯ ಅಗತ್ಯವೇ ಇಲ್ಲ.

ಪರೀಕ್ಷೆ ತೀರ ಸರಳ. ಕೆಲವು ಮೊಳಕೆಗಳ ತುದಿ ಕತ್ತರಿಸಿದರು. ಅವು ಬೆಳೆದವು, ಆದರೆ ಬಾಗಲಿಲ್ಲ. ಇದರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ, ಗಾಯದಿಂದಲೇ ಹಾಗಾಗಿರಬಹುದು. ಹಾಗಾಗಿ ಇನ್ನು ಕೆಲವು ಮೊಳಕೆಗಳ ತುದಿಗೆ ತವರದ ತೆಳು ಹಾಳೆಯ ಟೋಪಿ ಹಾಕಿದರು. ಅವು ನೆಟ್ಟಗೇ ನಿಂತವು. ಟೋಪಿಯ ಭಾರದಿಂದ ಹಾಗಾಯಿತೇ ಎಂದು ನೋಡಲು ಗಾಜಿನ ಟೋಪಿ ಮಾಡಿದರು. ತಿಳಿಗಾಜಿನ ಟೋಪಿ ಹಾಕಿದ ಮೊಳಕೆ ಎಂದಿನಂತೆ ಬಾಗಿತು. ಅದೇ ಗಾಜಿಗೆ ಕಪ್ಪು ಶಾಯಿ ಬಳಿದಾಗ ಬಾಗಲಿಲ್ಲ. ಕೊನೆಗೆ ತುದಿಯನ್ನು ಬಿಟ್ಟು ಕೆಳಗಿನ ಭಾಗಕ್ಕೆ ಬೆಳಕು ತಾಗದಂತೆ ಪಟ್ಟಿ ಸುತ್ತಿದರು, ಮರಳಿನಲ್ಲಿ ಹೂತು ತುದಿಯನ್ನಷ್ಟೇ ಹೊರಗೆ ಬಿಟ್ಟರು. ಬೆಳಕನ್ನೇ ಕಾಣದ ಆ ಕೆಳಭಾಗವೂ ಬೆಳಕಿನ ದಿಕ್ಕಿಗೇ ಬಾಗಿತು.

ಅಂದರೆ ನೋಡುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ನಡುವೆ ಏನೋ ಒಂದು ಪ್ರಭಾವ ಮೇಲಿನಿಂದ ಕೆಳಕ್ಕೆ ಸಾಗುತ್ತಿದೆ ಎಂದು ಅವರು ತೀರ್ಮಾನಿಸಿದರು. ಅದು ಏನು ಎಂದು ಹೇಳಲು ಹೋಗಲಿಲ್ಲ. ಹಾರ್ಮೋನ್ ಎಂಬ ಪದವೇ ಇನ್ನೂ ಹುಟ್ಟಿರಲಿಲ್ಲ. ಬೇರಿನ ತುದಿಯ ಮೇಲೂ ಇಂಥದ್ದೇ ಪ್ರಯೋಗ ಮಾಡಿ, ಆ ತುದಿ ಸಣ್ಣ ಪ್ರಾಣಿಗಳ ಮೆದುಳಿನಂತೆ ಅಕ್ಕಪಕ್ಕದ ಭಾಗಗಳನ್ನು ನಡೆಸುತ್ತದೆ ಎಂಬ ದಿಟ್ಟ ಹೋಲಿಕೆಯನ್ನೂ ಮುಂದಿಟ್ಟರು. ಜೀವಿಗಳ ಏಣಿಯಲ್ಲಿ ಗಿಡಗಳನ್ನು ಒಂದು ಮೆಟ್ಟಿಲು ಮೇಲೇರಿಸುವುದು ಅವರಿಗೆ ಯಾವಾಗಲೂ ಖುಷಿಯ ಕೆಲಸವಾಗಿತ್ತು.

1880ರ ನವೆಂಬರಿನಲ್ಲಿ ದ ಪವರ್ ಆಫ್ ಮೂವ್‌ಮೆಂಟ್ ಇನ್ ಪ್ಲಾಂಟ್ಸ್ ಎಂಬ ದಪ್ಪ ಪುಸ್ತಕವಾಗಿ ಇದೆಲ್ಲ ಹೊರಬಂತು. ಮುಖಪುಟದಲ್ಲಿ ಚಾರ್ಲ್ಸ್ ಡಾರ್ವಿನ್ ಹೆಸರಿನ ಕೆಳಗೆ, ಫ್ರಾನ್ಸಿಸ್ ಡಾರ್ವಿನ್ ಅವರ ನೆರವಿನೊಂದಿಗೆ ಎಂದು ಅಚ್ಚಾಗಿತ್ತು.

ಜರ್ಮನಿಯಿಂದ ಬಂದ ಏಟು

ಆಗ ಸಸ್ಯಶಾಸ್ತ್ರದ ರಾಜಧಾನಿ ಜರ್ಮನಿ. ಅಲ್ಲಿನ ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಯೂಲಿಯಸ್ ಸಾಕ್ಸ್ ಅವರೇ ಆ ವಿದ್ಯೆಯ ಮುಕುಟವಿಲ್ಲದ ದೊರೆ. ಅವರ ಪ್ರಯೋಗಶಾಲೆಯಲ್ಲಿ ಕಲಿಯಲು ದೇಶದೇಶಗಳ ಹುಡುಗರು ಬರುತ್ತಿದ್ದರು. ಗಿಡ ಬಾಗಲು ಬೆಳಕಿನ ನೀಲಿ ಭಾಗವೇ ಕಾರಣ, ಕಿತ್ತಳೆ-ಕೆಂಪು ಭಾಗವಲ್ಲ ಎಂದು 1864ರಷ್ಟು ಹಿಂದೆಯೇ ತೋರಿಸಿದವರು ಅವರು.

1878ರ ಬೇಸಿಗೆಯಲ್ಲಿ ಫ್ರಾನ್ಸಿಸ್ ಕೂಡ ಅಲ್ಲಿಗೆ ಹೋದ. ಮಗ ದೂರ ಹೋದಾಗ ಡೌನ್ ಹೌಸಿನಲ್ಲಿ ಅಪ್ಪನಿಗೆ ಬೇಸರ. ದಿನದ ಪ್ರಯೋಗದ ಬಗ್ಗೆ ಮಾತಾಡಲು ಯಾರೂ ಇಲ್ಲವೆಂದು ಕಾಗದ ಬರೆದು ಹಲುಬಿದರು. ಸಾಕ್ಸ್ ಏನು ಹೇಳುತ್ತಾರೆ ಎಂಬ ಕುತೂಹಲವೂ ಅಷ್ಟೇ ಇತ್ತು. ಫ್ರಾನ್ಸಿಸ್ ಮರುವರ್ಷವೂ ಹೋಗಿ ಹೊಸ ವಿಧಾನಗಳನ್ನು ಕಲಿತು ಬಂದ.

ಪುಸ್ತಕ ಬಂದ ಮೇಲೆ ಸಾಕ್ಸ್ ಕೆಂಡವಾದರು. ಡಾರ್ವಿನ್ ಪ್ರಯೋಗಗಳು ಕುಶಲತೆಯಿಲ್ಲದವು, ಅವುಗಳಿಗೆ ಕೊಟ್ಟ ವಿವರಣೆಯೂ ತಪ್ಪು ಎಂದು ತಮ್ಮ ಉಪನ್ಯಾಸಗಳ ಗ್ರಂಥದಲ್ಲಿ ಬರೆದರು. ಮನೆಯ ಕೋಣೆಯಲ್ಲಿ ಟೋಪಿ, ಶಾಯಿ, ಅರಗು ಇಟ್ಟುಕೊಂಡು ಆಡುವ ಹವ್ಯಾಸಿಗಳು ತಮ್ಮ ಕ್ಷೇತ್ರಕ್ಕೆ ಕೈ ಹಾಕಿದ್ದು ಅವರಿಗೆ ಹಿಡಿಸಲಿಲ್ಲ. ಬೆಳಕು ಪ್ರತಿ ಜೀವಕೋಶದ ಮೇಲೂ ನೇರವಾಗಿ ಕೆಲಸ ಮಾಡುತ್ತದೆ ಎಂಬುದು ಅವರ ಮತ. ವಿಯೆನ್ನಾದ ಯೂಲಿಯಸ್ ವೀಸ್ನರ್ ಅಂತೂ 1881ರಲ್ಲಿ ಡಾರ್ವಿನ್ ಪುಸ್ತಕವನ್ನು ಖಂಡಿಸಲೆಂದೇ ಒಂದು ಪೂರ್ತಿ ಪುಸ್ತಕ ಬರೆದರು.

ಆದರೆ ವೀಸ್ನರ್ ಬರವಣಿಗೆಯಲ್ಲಿ ಸಭ್ಯತೆ ಇತ್ತು. ಡಾರ್ವಿನ್ ಅದನ್ನು ಓದಿ ಅವರಿಗೆ ಕಾಗದ ಬರೆದರು. ಇಷ್ಟೊಂದು ಕಡೆ ಅಭಿಪ್ರಾಯ ಬೇರೆಯಾಗಿದ್ದಕ್ಕೆ ನೋವಾಯಿತೆಂದು ಒಪ್ಪಿಕೊಂಡರು, ಖಂಡನೆಯ ಮರ್ಯಾದೆಯ ಧಾಟಿಯನ್ನು ಮನಸಾರೆ ಮೆಚ್ಚಿಕೊಂಡರು. ವಿಕಾಸವಾದದ ಕಾಲದಿಂದಲೂ ಬೈಗುಳ ಕೇಳಿ ಅಭ್ಯಾಸವಾಗಿದ್ದ ಅವರಿಗೆ ವಿರೋಧಿಯ ಒಳ್ಳೆಯತನವನ್ನು ಗುರುತಿಸುವುದು ಕಷ್ಟವಾಗಲಿಲ್ಲ.

ಎರೆಹುಳು, ಪಿಯಾನೊ ಮತ್ತು ವಿದಾಯ

ಕೊನೆಯ ವರ್ಷಗಳಲ್ಲೂ ಕೆಲಸ ನಿಲ್ಲಲಿಲ್ಲ. 1881ರಲ್ಲಿ ಎರೆಹುಳುಗಳ ಬಗ್ಗೆ ಪುಸ್ತಕ ಬಂತು. ಹುಳುಗಳಿಗೆ ಕಿವಿ ಕೇಳುತ್ತದೆಯೇ ಎಂದು ನೋಡಲು ಫ್ರಾನ್ಸಿಸ್ ಬಸೂನ್ ವಾದ್ಯ ಊದಿದ, ಎಮ್ಮಾ ಪಿಯಾನೊ ನುಡಿಸಿದರು. ಹುಳುಗಳು ಸದ್ದಿಗೆ ಕಿವಿಗೊಡಲಿಲ್ಲ. ಕುಂಡವನ್ನು ಪಿಯಾನೊ ಮೇಲೆಯೇ ಇಟ್ಟಾಗ ಮಾತ್ರ ಕಂಪನಕ್ಕೆ ಹೆದರಿ ಬಿಲ ಸೇರಿದವು. ಜಗತ್ತಿನ ಹೂಬಿಡುವ ಗಿಡಗಳ ಹೆಸರುಗಳ ಮಹಾಸೂಚಿಯೊಂದನ್ನು ಕ್ಯೂ ಉದ್ಯಾನದಲ್ಲಿ ಸಿದ್ಧಪಡಿಸಲು ತಮ್ಮ ಹಣ ಕೊಡುವ ವ್ಯವಸ್ಥೆಯನ್ನೂ ಮಾಡಿದರು.

1882ರ ಏಪ್ರಿಲ್ 19ರಂದು, ಎಪ್ಪತ್ತಮೂರನೇ ವಯಸ್ಸಿನಲ್ಲಿ, ಡಾರ್ವಿನ್ ಡೌನ್ ಹೌಸಿನಲ್ಲೇ ಕಣ್ಣು ಮುಚ್ಚಿದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ, ಐಸಾಕ್ ನ್ಯೂಟನ್ ಅವರ ಸಮಾಧಿಗೆ ಹತ್ತಿರದಲ್ಲೇ ಮಣ್ಣು ಮಾಡಲಾಯಿತು. ಗಿಡದ ತುದಿಯಿಂದ ಇಳಿಯುವ ಪ್ರಭಾವ ಯಾವುದು ಎಂಬ ಪ್ರಶ್ನೆ ಆಗ ಯಾರ ಬಾಯಲ್ಲೂ ಇರಲಿಲ್ಲ.

ಫ್ರಾನ್ಸಿಸ್ ಮಾತ್ರ ಅದನ್ನು ಬಿಡಲಿಲ್ಲ. ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರದ ಅಧ್ಯಾಪಕರಾದರು. ಮುಂದೆ ಗಿಡಗಳ ಸಂವೇದನೆಯ ಬಗ್ಗೆ ಹೆಸರು ಮಾಡಿದ ನಮ್ಮ ಜಗದೀಶ್‌ಚಂದ್ರ ಬೋಸ್ ಕೇಂಬ್ರಿಜ್‌ನಲ್ಲಿ ಪಾಠ ಕೇಳಿದ ಗುರುಗಳಲ್ಲಿ ಇವರೂ ಒಬ್ಬರು. ಜೋಳ, ನವಣೆಯ ಜಾತಿಯ ಸಸಿಗಳನ್ನು ಇಟ್ಟುಕೊಂಡು, ಗುರುತ್ವದ ವಿಷಯದಲ್ಲೂ ತುದಿಯೇ ಸಂವೇದನೆಯ ಜಾಗ ಎಂದು 1899ರಲ್ಲಿ ಹೊಸದೊಂದು ಉಪಾಯದಿಂದ ತೋರಿಸಿದರು. ಅಪ್ಪನ ಜೀವನಚರಿತ್ರೆ ಮತ್ತು ಪತ್ರಗಳನ್ನು ಜಗತ್ತಿಗೆ ಕೊಟ್ಟವರೂ ಅವರೇ.

ಸಿಕ್ಕಿತು ಸಂದೇಶವಾಹಕ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಡೆನ್ಮಾರ್ಕಿನ ಪೀಟರ್ ಬಾಯ್ಸೆನ್ ಯೆನ್ಸೆನ್ ಮೊಳಕೆಯ ತುದಿಯನ್ನು ಕತ್ತರಿಸಿ, ನಡುವೆ ಜೆಲಟಿನ್ ಚೂರು ಇಟ್ಟು ಮತ್ತೆ ಕೂರಿಸಿದರು. ಮೊಳಕೆ ಬೆಳಕಿನತ್ತ ಬಾಗಿತು. ನೆರಳಿನ ಬದಿಯಲ್ಲಿ ಸೀಳಿ ಅಭ್ರಕದ, ಅಂದರೆ ಕಾಗೆಬಂಗಾರದ, ತೆಳು ಪದರ ತೂರಿಸಿದಾಗ ಬಾಗಲಿಲ್ಲ. ಜೆಲಟಿನ್ ದಾಟಿ ಹೋಗುವ, ಅಭ್ರಕ ದಾಟದ, ನೆರಳಿನ ಬದಿಯಲ್ಲಿ ಇಳಿಯುವ ಏನೋ ಒಂದು ರಾಸಾಯನಿಕ ಇದೆ ಎಂದಾಯಿತು. ಹಂಗೆರಿಯ ಆರ್ಪಾಡ್ ಪಾಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕತ್ತರಿಸಿದ ತುದಿಯನ್ನು ಕತ್ತಲಲ್ಲೇ ಬುಡದ ಮೇಲೆ ಒಂದು ಪಕ್ಕಕ್ಕೆ ಸರಿಸಿ ಕೂರಿಸಿದಾಗ, ತುದಿ ಕೂತ ಬದಿ ಹೆಚ್ಚು ಬೆಳೆದು ಮೊಳಕೆ ಎದುರು ಬದಿಗೆ ಬಾಗಿತು. ಬೆಳಕೇ ಇಲ್ಲದೆ ಬಾಗು ಬಂದಿತ್ತು.

ಕೊನೆಯ ಗಂಟು ಬಿಚ್ಚಿದ್ದು ಹಾಲೆಂಡಿನ ಯುಟ್ರೆಕ್ಟ್‌ನಲ್ಲಿ. ಅಲ್ಲಿನ ಸಸ್ಯಶಾಸ್ತ್ರ ಪ್ರಾಧ್ಯಾಪಕರ ಮಗ ಫ್ರಿಟ್ಸ್ ವೆಂಟ್ ಇನ್ನೂ ಇಪ್ಪತ್ತರ ಹರೆಯದ ಹುಡುಗ. 1926ರಲ್ಲಿ ಅವರು ಓಟ್ಸ್ ಮೊಳಕೆಗಳ ತುದಿಗಳನ್ನು ಕತ್ತರಿಸಿ ಅಗರ್ ಚೂರುಗಳ ಮೇಲೆ ಸ್ವಲ್ಪ ಹೊತ್ತು ಇಟ್ಟರು. ಅಗರ್ ಎಂದರೆ ಸಿಹಿತಿಂಡಿಗೆ ಬಳಸುವ ಚೈನಾ ಗ್ರಾಸ್. ಆಮೇಲೆ ತುದಿಗಳನ್ನು ಎಸೆದು, ಬರೀ ಆ ಅಗರ್ ಚೂರನ್ನು ತುದಿಯಿಲ್ಲದ ಮೊಳಕೆಯ ಒಂದು ಬದಿಗೆ ಇಟ್ಟರು. ಕತ್ತಲಲ್ಲೇ ಮೊಳಕೆ ಬಾಗಿತು. ಅಗರ್‌ನಲ್ಲಿ ಹೆಚ್ಚು ತುದಿಗಳ ರಸ ಇಳಿದಿದ್ದರೆ ಬಾಗೂ ಹೆಚ್ಚು. ಡಾರ್ವಿನ್ ಹೇಳಿದ್ದ ಪ್ರಭಾವವನ್ನು ಗಿಡದಿಂದ ಹೊರಗೆ ತೆಗೆದು, ಅಳೆದು, ಇನ್ನೊಂದು ಗಿಡಕ್ಕೆ ಕೊಡಲು ಸಾಧ್ಯವಾಗಿತ್ತು.

ಬೆಳೆಸು ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಆಕ್ಸಿನ್ ಎಂಬ ಹೆಸರು ಬಂತು. 1934ರಲ್ಲಿ ಯುಟ್ರೆಕ್ಟ್‌ನಲ್ಲೇ ಫ್ರಿಟ್ಸ್ ಕೋಗಲ್ ಅವರ ತಂಡ ಅದನ್ನು ಇಂಡೋಲ್ ಅಸಿಟಿಕ್ ಆಮ್ಲ ಎಂದು ಗುರುತಿಸಿತು. ಮೊಳಕೆಗಳಲ್ಲಿ ಅದರ ಪ್ರಮಾಣ ತೀರ ಕಡಿಮೆ, ಹಾಗಾಗಿ ಅವರು ಅದನ್ನು ಬೇರ್ಪಡಿಸಿದ್ದು ಮನುಷ್ಯರ ಮೂತ್ರದಿಂದ!

ಕಾಂಡ ಬಾಗುವುದು ಹೀಗೆ

ಇಂದಿನ ತಿಳಿವಳಿಕೆ ಸುಮಾರಾಗಿ ಹೀಗಿದೆ. ಮೊಳಕೆಯ ತುದಿಯಲ್ಲಿ ನೀಲಿ ಬೆಳಕನ್ನು ಹಿಡಿಯುವ ಫೋಟೊಟ್ರೋಪಿನ್ ಎಂಬ ಪ್ರೋಟೀನ್ ಇದೆ. ಒಂದು ಬದಿಯಿಂದ ಬೆಳಕು ಬಿದ್ದರೆ ಅದು ಆ ಬದಿಯಲ್ಲಿ ಹೆಚ್ಚು ಎಚ್ಚರಗೊಳ್ಳುತ್ತದೆ. ಆಗ ಆಕ್ಸಿನ್ ನೆರಳಿನ ಬದಿಗೆ ಸರಿದು ಅಲ್ಲಿಂದ ಕೆಳಗಿಳಿಯುತ್ತದೆ. ಉಕ್ರೇನಿನ ಖೊಲೊಡ್ನಿ ಮತ್ತು ವೆಂಟ್ ಬೇರೆ ಬೇರೆಯಾಗಿ ಈ ವಿವರಣೆ ಕೊಟ್ಟಿದ್ದರಿಂದ ಇಬ್ಬರ ಹೆಸರಲ್ಲೂ ಇದನ್ನು ಕರೆಯುತ್ತಾರೆ.

ಆಕ್ಸಿನ್ ಬಂದ ಕಡೆ ಜೀವಕೋಶಗಳು ತಮ್ಮ ಗೋಡೆಗೆ ಆಮ್ಲೀಯ ಕಣಗಳನ್ನು ತಳ್ಳುತ್ತವೆ. ಹುಳಿ ತಾಗಿದ ಗೋಡೆ ಸಡಿಲವಾಗುತ್ತದೆ, ಬಿಗಿ ರವಿಕೆಯ ಹೊಲಿಗೆ ಬಿಚ್ಚಿದಂತೆ. ಒಳಗೆ ನೀರು ನುಗ್ಗಿ ಕೋಶ ಉದ್ದವಾಗುತ್ತದೆ. ನೆರಳಿನ ಬದಿಯ ಕೋಶಗಳು ಹೀಗೆ ಉದ್ದವಾದರೆ, ಎತ್ತಿನ ಗಾಡಿಯ ಒಂದು ಚಕ್ರ ಮುಂದೆ ಓಡಿದಾಗ ಗಾಡಿ ಇನ್ನೊಂದು ಬದಿಗೆ ಹೊರಳುವಂತೆ, ಕಾಂಡ ಬೆಳಕಿನತ್ತ ಹೊರಳುತ್ತದೆ.

ಡಾರ್ವಿನ್ ಹೇಳಿದ್ದೆಲ್ಲವೂ ನಿಲ್ಲಲಿಲ್ಲ. ಗಿಡಗಳ ಎಲ್ಲ ಚಲನೆಗಳೂ ಒಂದೇ ಸುತ್ತಾಟದ ಬೇರೆ ಬೇರೆ ರೂಪ ಎಂಬ ಅವರ ಮೂಲ ವಾದವನ್ನು ವಿಜ್ಞಾನ ಹಾಗೆಯೇ ಒಪ್ಪಿಕೊಂಡಿಲ್ಲ. ತುದಿಯೇ ಕಣ್ಣು ಎಂಬ ಮಾತು ಹುಲ್ಲಿನ ಮೊಳಕೆಗಳಿಗೆ ಚೆನ್ನಾಗಿ ಹೊಂದುತ್ತದೆ. ದ್ವಿದಳ ಸಸಿಗಳಲ್ಲಿ ಬಾಗುವ ಕಾಂಡಕ್ಕೂ ಬೆಳಕು ಗುರುತಿಸುವ ಶಕ್ತಿ ಇದೆ, ಆ ಮಟ್ಟಿಗೆ ಸಾಕ್ಸ್ ಮಾತಿನಲ್ಲೂ ಹುರುಳಿತ್ತು. ಆದರೆ ತುದಿಯಿಂದ ಕೆಳಕ್ಕೆ ಸಂದೇಶವೊಂದು ಸಾಗುತ್ತದೆ ಎಂಬ ತಂದೆ-ಮಗನ ತೀರ್ಮಾನ ಅಲ್ಲಾಡಲಿಲ್ಲ. ಇಂದು ನರ್ಸರಿಗಳಲ್ಲಿ ಕಡ್ಡಿಗೆ ಬೇರು ಬರಿಸಲು ಅದ್ದುವ ಪುಡಿ, ಹೊಲದಲ್ಲಿ ಕಳೆ ಸಾಯಿಸಲು ಹೊಡೆಯುವ 2,4-ಡಿ, ಎರಡೂ ಆಕ್ಸಿನ್ ಬಳಗದವೇ.

ಸರ್ ಪದವಿ ಪಡೆದ ಫ್ರಾನ್ಸಿಸ್ ಡಾರ್ವಿನ್ ತೀರಿಕೊಂಡಿದ್ದು 1925ರ ಸೆಪ್ಟೆಂಬರಿನಲ್ಲಿ. ಯುಟ್ರೆಕ್ಟ್‌ನಲ್ಲಿ ಅಗರ್ ಚೂರಿನ ಪಕ್ಕ ಓಟ್ಸ್ ಮೊಳಕೆ ಬಾಗಿದ್ದು ಅದರ ಮರುವರ್ಷ. ಹೆಂಡತಿ ಸತ್ತ ದುಃಖದಲ್ಲಿ ಅಪ್ಪನ ಪಕ್ಕ ಕೂತು ಮೊಳಕೆಗಳಿಗೆ ಟೋಪಿ ಹಾಕಿದ್ದ ಮಗನಿಗೆ ಆ ಸುದ್ದಿ ಕೇಳುವ ಯೋಗ ಇರಲಿಲ್ಲ. ಡೌನ್ ಹೌಸ್ ಈಗ ವಸ್ತುಸಂಗ್ರಹಾಲಯ. ಲಂಡನ್ನಿಗೆ ಹೋದವರು ಅರ್ಧ ದಿನ ಬಿಡುವು ಮಾಡಿಕೊಂಡರೆ ಡಾರ್ವಿನ್ ಅವರ ಓದುವ ಕೋಣೆಯನ್ನೂ, ತೋಟದ ಗಾಜಿನ ಮನೆಯನ್ನೂ ನೋಡಿ ಬರಬಹುದು.